ಕಲ್ಲುಹೂವಿನ ನಾಡಿನಲ್ಲಿ ಎಂಟು ದಿನ

ಬೇಸಿಗೆ ರಜೆ ಬಂತೆಂದರೆ ನಮ್ಮ ಸಂಘದ ಸದಸ್ಯರಲ್ಲಿ ಅರ್ಧ ಮಂದಿ ಬೆಂಗಳೂರಿನ ವಿಮಾನ ಹತ್ತುತ್ತಾರೆ, ಉಳಿದರ್ಧ ಮಂದಿ ಸ್ಪೇನಿನ ಬಿಸಿಲು ಹುಡುಕಿಕೊಂಡು ಹೋಗುತ್ತಾರೆ. ಸ್ಕಾಟ್ಲೆಂಡಿಗೆ ಹೋದವರೂ ಎಡಿನ್‌ಬರೋ ಕೋಟೆ ನೋಡಿ, ಲಾಕ್ ನೆಸ್ ಸರೋವರದ ದಡದಲ್ಲಿ ಫೋಟೋ ತೆಗೆಸಿಕೊಂಡು, ಬಹಳವೆಂದರೆ ಸ್ಕೈ ದ್ವೀಪದ ಸೇತುವೆ ದಾಟಿ ಹಿಂದಿರುಗುತ್ತಾರೆ. ಅದರಾಚೆ ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು 130 ಮೈಲಿ ಉದ್ದಕ್ಕೆ ಸರಪಣಿಯಂತೆ ಹಬ್ಬಿರುವ ಹೊರ ಹೆಬ್ರಿಡೀಸ್ ದ್ವೀಪಗಳ ಕಡೆಗೆ ಹೋಗುವವರು ಕಡಿಮೆ. ಕಳೆದ ಜೂನ್ ತಿಂಗಳಲ್ಲಿ ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಮತ್ತು ಮೈಸೂರಿನಿಂದ ಬಂದಿದ್ದ ಅಮ್ಮ, ಹೀಗೆ ಐದು ಮಂದಿ ಕಾರಿನಲ್ಲಿ ಎಂಟು ದಿನ ಅಲ್ಲಿ ಸುತ್ತಾಡಿ ಬಂದೆವು. ಅಲ್ಲಿಯ ಕಡಲು, ಕಲ್ಲು, ಮರಳುಗಳ ಜೊತೆಗೆ ಅಲ್ಲಿಯ ಜನ ಆಡುವ ಗೇಲಿಕ್ ಭಾಷೆಯ ಸಂಗತಿಯೂ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಅದನ್ನು ವಾಚಕರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮಿಂಚ್ ದಾಟಿ

ಇನ್ವರ್‌ನೆಸ್ಸಿನಿಂದ ವಾಯವ್ಯಕ್ಕೆ ಸುಮಾರು 60 ಮೈಲಿ ಹೋದರೆ ಅಲ್ಲಾಪೂಲ್ ಎಂಬ ಸಣ್ಣ ಬಂದರು ಸಿಗುತ್ತದೆ. ಅಲ್ಲಿ ಕಾರುಸಮೇತ ಹಡಗು ಹತ್ತಬೇಕು. ಎರಡೂವರೆ ಗಂಟೆಗಿಂತ ತುಸು ಹೆಚ್ಚಿನ ಪ್ರಯಾಣ. ನಡುವೆ ಇರುವ ಕಡಲಿಗೆ ಮಿಂಚ್ ಎಂದು ಹೆಸರು. ನಮ್ಮ ಮಿಂಚಿಗೂ ಅದಕ್ಕೂ ಸಂಬಂಧವಿಲ್ಲವಾದರೂ ಅಲ್ಲಿ ಬೀಸುವ ಗಾಳಿಯ ರಭಸಕ್ಕೆ ಗುಡುಗಿನ ಸಮಾನವಾದ ಸದ್ದಿದೆ. ಅಮ್ಮ ಸೀರೆಯ ಮೇಲೆ ಎರಡು ಸ್ವೆಟರು, ಒಂದು ಕೋಟು ಹಾಕಿಕೊಂಡು ಕಿಟಕಿಯ ಪಕ್ಕ ಕೂತು ವಿಷ್ಣುಸಹಸ್ರನಾಮ ಮುಗಿಸುವ ಹೊತ್ತಿಗೆ ಸ್ಟೋರ್ನೋವೇ ಬಂದರು ಕಾಣಿಸಿತು.

ಸ್ಟೋರ್ನೋವೇ ಲೂಯಿಸ್ ದ್ವೀಪದ ಮುಖ್ಯ ಪಟ್ಟಣ. ಇಡೀ ಹೊರ ಹೆಬ್ರಿಡೀಸಿನ ಜನಸಂಖ್ಯೆಯೇ ಸುಮಾರು 26 ಸಾವಿರ. ನಮ್ಮ ಕಡೆಯ ಒಂದು ಸಾಧಾರಣ ತಾಲ್ಲೂಕು ಕೇಂದ್ರದಷ್ಟು. ಬಂದರಿನ ಬಾಯಿಯಲ್ಲೇ ಹೋಮ್ ಎಂಬಲ್ಲಿ ನೀರಿನಿಂದ ತಲೆಯೆತ್ತಿದ ಬಂಡೆಗಳಿವೆ. ಮೊದಲ ಮಹಾಯುದ್ಧ ಮುಗಿದು ಮನೆಗೆ ಮರಳುತ್ತಿದ್ದ ನಾವಿಕರನ್ನು ಹೊತ್ತ ಅಯೊಲೇರ್ ಎಂಬ ಹಡಗು 1919ರ ಜನವರಿ 1ರ ನಸುಕಿನಲ್ಲಿ ಈ ಬಂಡೆಗಳಿಗೆ ಬಡಿದು ಒಡೆಯಿತು. ಹಡಗಿನಲ್ಲಿದ್ದ ಸುಮಾರು 280 ಮಂದಿಯಲ್ಲಿ 201 ಮಂದಿ ಸತ್ತರು. ದಡ ಕೂಗಳತೆಯ ದೂರದಲ್ಲಿತ್ತು. ನಾಲ್ಕು ವರ್ಷ ಯುದ್ಧದಲ್ಲಿ ಬದುಕುಳಿದವರು ಊರಿನ ದೀಪ ಕಾಣುವಷ್ಟು ಹತ್ತಿರ ಬಂದು ಮುಳುಗಿದರು. ದ್ವೀಪದಲ್ಲಿ ಈ ದುಃಖದ ಮಾತನ್ನು ಬಹುಕಾಲ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲವಂತೆ. ದಡದಲ್ಲಿರುವ ಸ್ಮಾರಕದ ಬಳಿ ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬಂದೆವು.

ಕಪ್ಪು ಮಣ್ಣು, ಕಪ್ಪು ಮನೆ

ಲೂಯಿಸ್ ದ್ವೀಪದ ಒಳನಾಡು ಮೊದಲ ನೋಟಕ್ಕೆ ಬರಡು ಎನಿಸುತ್ತದೆ. ಮರವಿಲ್ಲ. ಕಣ್ಣು ಹಾಯುವಷ್ಟು ದೂರ ಕಂದು ಬಣ್ಣದ ಜೌಗುನೆಲ, ನಡುನಡುವೆ ಸಣ್ಣ ಸಣ್ಣ ಕೆರೆಗಳು. ಈ ನೆಲವೆಲ್ಲ ಪೀಟ್. ಅಂದರೆ ಪಾಚಿ ಹುಲ್ಲುಗಳು ಸತ್ತು, ನೀರಿನಲ್ಲಿ ಗಾಳಿಯಾಡದೆ ಪೂರ್ತಿ ಕೊಳೆಯಲೂ ಆಗದೆ, ಪದರ ಪದರವಾಗಿ ಕೂತ ಮಣ್ಣು. ಇದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ನಮ್ಮ ಆಳಿನೆತ್ತರದ ಪೀಟ್ ಗೋಡೆಯಲ್ಲಿ ಸಾವಿರಾರು ವರ್ಷಗಳು ಕೂತಿವೆ ಎಂದಾಯಿತು. ಇದನ್ನು ಇಟ್ಟಿಗೆಯಂತೆ ಕೊಯ್ದು, ಗಾಳಿಗೆ ಒಣಗಿಸಿ, ಉರುವಲಿಗೆ ಬಳಸುತ್ತಾರೆ. ನಮ್ಮ ಬೆರಣಿಯ ಹಾಗೆ ನಿಧಾನವಾಗಿ ಉರಿಯುತ್ತದೆ; ಹೊಗೆಗೆ ಒಂದು ಹಿತವಾದ ವಾಸನೆಯೂ ಇದೆ.

ಆರ್ನೋಲ್ ಎಂಬ ಹಳ್ಳಿಯಲ್ಲಿ ಒಂದು ಹಳೆಯ ಮನೆಯನ್ನು ಇದ್ದಂತೆಯೇ ಕಾಪಾಡಿದ್ದಾರೆ. ಇಂಥ ಮನೆಗಳಿಗೆ ಕಪ್ಪು ಮನೆ ಎಂದೇ ಹೆಸರು. ಸಿಮೆಂಟಿಲ್ಲದೆ ಪೇರಿಸಿದ ದಪ್ಪ ಕಲ್ಲಿನ ಜೋಡಿ ಗೋಡೆ, ಮೇಲೆ ಹುಲ್ಲಿನ ಮಾಡು, ಒಂದೇ ಸೂರಿನಡಿ ಒಂದು ಕಡೆ ಜನ, ಇನ್ನೊಂದು ಕಡೆ ದನ. ನಡುಮನೆಯಲ್ಲಿ ನೆಲದ ಮೇಲೆ ಪೀಟ್ ಬೆಂಕಿ, ಹೊಗೆಗೂಡು ಇಲ್ಲ. ಅಮ್ಮ ಒಳಗೆ ಕಾಲಿಟ್ಟೊಡನೆ, "ಇದು ನಮ್ಮಜ್ಜಿಯ ಮನೆಯ ಅಡುಗೆಮನೆ ಕಣೋ" ಎಂದರು. 1966ರವರೆಗೆ ಈ ಮನೆಯಲ್ಲಿ ಜನ ವಾಸವಾಗಿದ್ದರು. ಮಾಡಿನ ಹುಲ್ಲಿಗೆ ಕಟ್ಟಿದ ಮಸಿಯೂ ವ್ಯರ್ಥವಾಗುತ್ತಿರಲಿಲ್ಲ. ಮಸಿ ಹಿಡಿದ ಹುಲ್ಲನ್ನು ಕಿತ್ತು ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಬಡತನದಲ್ಲೂ ಎಂಥ ಲೆಕ್ಕಾಚಾರ!

ಅಲ್ಲಿಂದ ಸ್ವಲ್ಪ ದೂರದಲ್ಲಿ ಕ್ಯಾಲನಿಷ್ ಎಂಬಲ್ಲಿ ನಿಲುಗಲ್ಲುಗಳಿವೆ. ಸುಮಾರು 5 ಸಾವಿರ ವರ್ಷಗಳ ಹಿಂದೆ ನೆಟ್ಟ 13 ಕಲ್ಲುಗಳ ವೃತ್ತ, ನಡುವೆ ಮೂರಾಳೆತ್ತರಕ್ಕೆ ಸಮೀಪದ ಒಂದು ಕಲ್ಲು, ನಾಲ್ಕೂ ದಿಕ್ಕಿಗೆ ಹೊರಟ ಕಲ್ಲಿನ ಸಾಲುಗಳು. ಈ ಕಲ್ಲಿನ ಜಾತಿಗೆ ಲೂಯಿಸ್ ದ್ವೀಪದ್ದೇ ಹೆಸರು. ಅದರ ವಯಸ್ಸು 300 ಕೋಟಿ ವರ್ಷಗಳವರೆಗೂ ಹೋಗುತ್ತದೆ. ಕಾಲಾನುಕಾಲದಲ್ಲಿ ಪೀಟ್ ಬೆಳೆದು ಕಲ್ಲುಗಳ ಬುಡವನ್ನು ಸುಮಾರು ಒಂದೂವರೆ ಮೀಟರ್ ಮುಚ್ಚಿಬಿಟ್ಟಿತ್ತು. 1857ರಲ್ಲಿ ಅದನ್ನು ಅಗೆಸಿ ತೆಗೆಸಿದವನು ಅಂದಿನ ಭೂಮಾಲೀಕ ಸರ್ ಜೇಮ್ಸ್ ಮ್ಯಾಥೆಸನ್. ಈತ ಚೀನಾಕ್ಕೆ ಅಫೀಮು ಸಾಗಿಸಿ ಹಣ ಮಾಡಿ, 1844ರಲ್ಲಿ ಇಡೀ ದ್ವೀಪವನ್ನೇ ಕೊಂಡವನು. ಆ ಅಫೀಮು ಬೆಳೆದದ್ದು ನಮ್ಮ ದೇಶದ ಹೊಲಗಳಲ್ಲಿ ಎಂಬುದನ್ನು ನೆನೆದರೆ ದೂರದ ಈ ದ್ವೀಪ ಅಷ್ಟೇನೂ ದೂರವಲ್ಲ ಎನಿಸುತ್ತದೆ. ಕಲ್ಲುಗಳ ಬುಡ ಬಿಡಿಸಿದ ಈತನ ಕಾಲದಲ್ಲೇ, 1850ರ ದಶಕದ ಮೊದಲ ವರ್ಷಗಳಲ್ಲಿ, ಎರಡು ಸಾವಿರಕ್ಕೂ ಮಿಕ್ಕಿದ ಜನರನ್ನು ದ್ವೀಪದಿಂದ ಕೆನಡಾಕ್ಕೆ ಹಡಗು ಹತ್ತಿಸಲಾಯಿತು.

ಬಿಳಿ ಮರಳು, ಬರಿ ಬಂಡೆ

ಲೂಯಿಸ್ ಮತ್ತು ಹ್ಯಾರಿಸ್ ಎರಡು ಹೆಸರಿದ್ದರೂ ನೆಲ ಒಂದೇ. ದಕ್ಷಿಣಕ್ಕೆ ಹೋದಂತೆ ಬೆಟ್ಟಗಳು ಎದ್ದು, 799 ಮೀಟರ್ ಎತ್ತರದ ಕ್ಲಿಷಮ್ ಶಿಖರವನ್ನು ಬಳಸಿ ದಾರಿ ಹ್ಯಾರಿಸ್ಸಿಗೆ ಇಳಿಯುತ್ತದೆ. ಹ್ಯಾರಿಸ್ಸಿನ ಪಶ್ಚಿಮ ತೀರದ ಲಸ್ಕೆಂಟೈರ್ ಕಡಲಂಚನ್ನು ಕಂಡಾಗ ಮಕ್ಕಳು ಕಾರು ನಿಲ್ಲುವ ಮೊದಲೇ ಬಾಗಿಲು ತೆರೆಯಲು ಹೊರಟರು. ಹಾಲಿನಂಥ ಮರಳು, ನವಿಲಿನ ಕತ್ತಿನ ಬಣ್ಣದ ನೀರು, ಹಿಂದೆ ನೀಲಿ ಬೆಟ್ಟಗಳು. ಚಿತ್ರಪಟದಲ್ಲಿ ನೋಡಿದವರು ಇದು ಮಾಲ್ಡೀವ್ಸ್ ಅನ್ನಬಹುದು. ನೀರಿಗೆ ಕಾಲಿಟ್ಟರೆ ಮಾತ್ರ ಸ್ಕಾಟ್ಲೆಂಡ್ ಎಂಬುದು ತಟ್ಟನೆ ಗೊತ್ತಾಗುತ್ತದೆ!

ಈ ಮರಳು ಬಿಳಿಯಾಗಿರುವುದಕ್ಕೆ ಕಾರಣ ಕಪ್ಪೆಚಿಪ್ಪು. ಕಡಲು ಚಿಪ್ಪುಗಳನ್ನು ಪುಡಿಮಾಡಿ ದಡಕ್ಕೆ ತರುತ್ತದೆ, ಪಡುವಣ ಗಾಳಿ ಆ ಪುಡಿಯನ್ನು ಒಳನಾಡಿಗೆ ತೂರುತ್ತದೆ. ಚಿಪ್ಪೆಂದರೆ ಸುಣ್ಣದ ಅಂಶ. ಪೀಟ್ ಎಂದರೆ ಹುಳಿ. ಸುಣ್ಣ ಬಿದ್ದಲ್ಲಿ ಹುಳಿ ಮುರಿದು ನೆಲ ಫಲವತ್ತಾಗುತ್ತದೆ. ಪ್ರಯೋಗಶಾಲೆಯಲ್ಲಿ ಕ್ಷಾರ ಆಮ್ಲಗಳನ್ನು ಹನಿ ಹನಿಯಾಗಿ ಅಳೆಯುವ ನಮಗೆ, ಅದೇ ಕೆಲಸವನ್ನು ಗಾಳಿ ಮೈಲಿಗಟ್ಟಲೆ ಉದ್ದಕ್ಕೆ ಮಾಡಿರುವುದನ್ನು ಕಂಡು ಮಹದಾನಂದವಾಯಿತು. ಈ ನೆಲಕ್ಕೆ ಮಾಹರ್ ಎನ್ನುತ್ತಾರೆ. ಸ್ಕಾಟ್ಲೆಂಡ್ ಹಾಗೂ ಐರ್ಲೆಂಡಿನ ಪಶ್ಚಿಮ ಅಂಚು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ. ಜೂನ್ ಜುಲೈಗಳಲ್ಲಿ ಹಳದಿ, ಬಿಳಿ, ನೇರಳೆ ಹೂಗಳು ಇಲ್ಲಿ ಜಮಖಾನ ಹಾಸಿದಂತೆ ಅರಳುತ್ತವೆ.

ಅದೇ ದಿನ ಸಂಜೆ ದ್ವೀಪದ ಪೂರ್ವ ತೀರಕ್ಕೆ ಹೋದೆವು. ಅಲ್ಲಿ ಬರೀ ಬಂಡೆ. ಹಿಡಿ ಮಣ್ಣಿಲ್ಲ. ಆಶ್ಚರ್ಯವೆಂದರೆ ಮನೆಗಳೆಲ್ಲ ಹೆಚ್ಚಾಗಿ ಇರುವುದು ಈ ಬಂಡೆಗಳ ನಡುವೆ. ಫಲವತ್ತಾದ ಪಶ್ಚಿಮ ತೀರ ಖಾಲಿ ಖಾಲಿ. ಇದೇಕೆ ಹೀಗೆ? ಉತ್ತರ ಚರಿತ್ರೆಯಲ್ಲಿದೆ, ಅದರಲ್ಲೂ ಸ್ವಲ್ಪ ರಸಾಯನಶಾಸ್ತ್ರವಿದೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಾಬೂನಿಗೂ ಗಾಜಿಗೂ ಬೇಕಾದ ಕ್ಷಾರವನ್ನು ಕಡಲಕಳೆ ಸುಟ್ಟ ಬೂದಿಯಿಂದ ಪಡೆಯುತ್ತಿದ್ದರು. ಒಂದು ಟನ್ ಬೂದಿಗೆ ಸುಮಾರು 20 ಟನ್ ಹಸಿ ಕಳೆ ಬೇಕು. ನೆಪೋಲಿಯನ್ ಯುದ್ಧಗಳ ಕಾಲದಲ್ಲಿ ಸ್ಪೇನಿನ ಬೂದಿ ಬಾರದೆ ಇದರ ಬೆಲೆ ಗಗನಕ್ಕೇರಿತು. ಜಮೀನ್ದಾರರಿಗೆ ಕೂಲಿಯಾಳು ಬೇಕಾಗಿತ್ತು. ಜನ ಕೊರೆಯುವ ನೀರಿನಲ್ಲಿ ನಿಂತು ಕಳೆ ಕೊಯ್ದರು, ಲಾಭ ಜಮೀನ್ದಾರರ ಪಾಲಾಯಿತು. ಯುದ್ಧ ಮುಗಿದು ಹೊರದೇಶದ ಬೂದಿ ಮತ್ತೆ ಬಂತು, ಉಪ್ಪಿನಿಂದ ಸೋಡಾ ಮಾಡುವ ಲೆಬ್ಲಾಂಕ್ ವಿಧಾನ ಬಂತು, ಕಳೆಯ ಬೂದಿ ಕೇಳುವವರಿಲ್ಲವಾಯಿತು. ಈಗ ಜಮೀನ್ದಾರರಿಗೆ ಜನ ಬೇಡ, ಕುರಿ ಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹ್ಯಾರಿಸ್ಸಿನ ಪಶ್ಚಿಮ ತೀರದ ಹಳ್ಳಿಗಳನ್ನು ಖಾಲಿ ಮಾಡಿಸಿ ಕುರಿ ಮೇಯಲು ಬಿಟ್ಟರು. ಕೆಲವರು ಕೆನಡಾಕ್ಕೆ ಹೋದರು, ಕೆಲವರು ಪೂರ್ವದ ಬಂಡೆಗಳಿಗೆ ಬಂದರು. ಬಂದವರು ಬಂಡೆಯ ಮೇಲೆ ಪೀಟನ್ನೂ ಕಡಲಕಳೆಯನ್ನೂ ಬುಟ್ಟಿಯಲ್ಲಿ ಹೊತ್ತು ತಂದು ಸುರಿದು, ಏರಿ ಕಟ್ಟಿ ಆಲೂಗಡ್ಡೆ ಬೆಳೆದರು. ಆ ಏರಿಗಳ ಗೆರೆಗಳು ಇಂದಿಗೂ ಇಳಿಜಾರುಗಳಲ್ಲಿ ಬಾಚಣಿಗೆ ಎಳೆದಂತೆ ಕಾಣುತ್ತವೆ. ಸತ್ತವರನ್ನು ಹೂಳುವಷ್ಟು ಮಣ್ಣೂ ಅಲ್ಲಿರಲಿಲ್ಲ. ಹೆಣವನ್ನು ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿ ಇಳಿದು ಪಶ್ಚಿಮದ ಮರಳಿಗೆ ತರುತ್ತಿದ್ದರು. ಬದುಕಿದ್ದಾಗ ಸಿಗದ ನೆಲ ಸತ್ತ ಮೇಲೆ ಸಿಗುತ್ತಿತ್ತು. ಆ ಹೆಣದ ಹಾದಿ ಇವತ್ತು ಪ್ರವಾಸಿಗಳು ನಡೆಯುವ ಹಾದಿ.

ಕಾಲ ಸ್ವಲ್ಪ ತಿರುಗಿದೆ ಎನ್ನಬೇಕು. 2003ರಲ್ಲಿ ಉತ್ತರ ಹ್ಯಾರಿಸ್, 2006ರಲ್ಲಿ ದಕ್ಷಿಣ ಯೂಯಿಸ್ಟ್, 2010ರಲ್ಲಿ ಪಶ್ಚಿಮ ಹ್ಯಾರಿಸ್, ಹೀಗೆ ಒಂದೊಂದು ಭಾಗದ ಭೂಮಿಯನ್ನೂ ಅಲ್ಲಿಯ ನಿವಾಸಿಗಳೇ ಸಂಸ್ಥೆ ಕಟ್ಟಿಕೊಂಡು ವಶಕ್ಕೆ ತೆಗೆದುಕೊಂಡರು. ಇಂದು ದ್ವೀಪವಾಸಿಗಳಲ್ಲಿ ಹೆಚ್ಚಿನವರು ಊರೊಟ್ಟಿನ ಒಡೆತನದ ಭೂಮಿಯ ಮೇಲಿದ್ದಾರೆ.

ಬಂಡೆಯ ಬಣ್ಣ, ಬಟ್ಟೆಯ ಬಣ್ಣ

ಹ್ಯಾರಿಸ್ ಟ್ವೀಡ್ ಬಟ್ಟೆಯ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. 1993ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಈ ಬಟ್ಟೆಗೆಂದೇ ಒಂದು ಕಾಯ್ದೆ ಮಾಡಿದೆ. ಹೊರ ಹೆಬ್ರಿಡೀಸಿನಲ್ಲೇ ಬಣ್ಣ ಹಾಕಿ ನೂತ ಅಪ್ಪಟ ಉಣ್ಣೆಯಿಂದ, ದ್ವೀಪದವರು ತಮ್ಮ ಮನೆಯಲ್ಲಿ ಕೈಮಗ್ಗದಲ್ಲಿ ನೇಯ್ದು, ಅಲ್ಲೇ ಮುಗಿಸಿದ ಬಟ್ಟೆ ಮಾತ್ರ ಹ್ಯಾರಿಸ್ ಟ್ವೀಡ್. ಒಬ್ಬ ನೇಕಾರರ ಮನೆಯ ಹಿತ್ತಲಿನ ಷೆಡ್ಡಿನಲ್ಲಿ ಮಗ್ಗ ನೋಡಿದೆವು. ಸೈಕಲ್ ತುಳಿದಂತೆ ಕಾಲಿನಲ್ಲಿ ತುಳಿಯುವ ಮಗ್ಗ, ವಿದ್ಯುತ್ ಮೋಟಾರಿಲ್ಲ.

ಹಿಂದೆ ಇಲ್ಲಿಯವರು ಉಣ್ಣೆಗೆ ಕೆಂಪುಗಂದು ಬಣ್ಣ ಹಾಕುತ್ತಿದ್ದದ್ದು ಬಂಡೆಯ ಮೇಲಿನ ಕ್ರೊಟಲ್ ಎಂಬ ಒಂದು ಬೆಳೆಯಿಂದ. ನೇಕಾರರು ಅಂಗಳದ ಕಲ್ಲಿನ ಮೇಲೆ ಅದನ್ನು ತೋರಿಸಿದಾಗ ಅಮ್ಮ ಬಗ್ಗಿ ನೋಡಿ, ಮೂಸಿ, "ಇದು ನಮ್ಮ ಕಲ್ಲುಹೂವಲ್ಲವೇ? ಬಿಸಿಬೇಳೆಬಾತಿನ ಪುಡಿಗೆ ಹಾಕುತ್ತೇವಲ್ಲ!" ಎಂದರು. ಅಮ್ಮ ಹೇಳಿದ್ದರಲ್ಲಿ ಸತ್ಯಾಂಶವಿದೆ. ನಮ್ಮ ಕಲ್ಲುಹೂವು, ಅವರ ಕ್ರೊಟಲ್ ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಶಿಲೀಂಧ್ರ ಮತ್ತು ಪಾಚಿ ಕೂಡಿಕೊಂಡು ಸಂಸಾರ ನಡೆಸುವ ಜೀವಿಗಳು. ನಾವು ಪರಿಮಳ ತೆಗೆದೆವು, ಅವರು ಬಣ್ಣ ತೆಗೆದರು!

ಬಣ್ಣ ತೆಗೆಯುವ ರೀತಿ ಸರಳ. ಕಬ್ಬಿಣದ ಹಂಡೆಯಲ್ಲಿ ಒಂದು ಪದರ ಉಣ್ಣೆ, ಒಂದು ಪದರ ಕ್ರೊಟಲ್ ಹಾಸಿ, ನೀರು ಹಾಕಿ ಗಂಟೆಗಟ್ಟಲೆ ಕುದಿಸುವುದು. ಬಣ್ಣ ಹಿಡಿಯಲು ಸಾಮಾನ್ಯವಾಗಿ ಬೇಕಾಗುವ ಪಟಿಕ ಇದಕ್ಕೆ ಬೇಡ. ಕ್ರೊಟಲ್‌ನಲ್ಲಿರುವ ಸಲಾಜಿನಿಕ್ ಆಮ್ಲದ ಆಲ್ಡಿಹೈಡ್ ಗುಂಪು ಉಣ್ಣೆಯ ಪ್ರೋಟೀನಿನ ಅಮೈನೋ ಗುಂಪಿನ ಜೊತೆ ನೇರವಾಗಿ ಬೆಸೆದುಕೊಳ್ಳುತ್ತದೆ. ಆದ್ದರಿಂದಲೇ ಒಗೆದರೂ ಬಿಡದ ಬಣ್ಣ. ಮೀನುಗಾರರು ಮಾತ್ರ ಕ್ರೊಟಲ್ ಬಣ್ಣದ ಬಟ್ಟೆ ತೊಟ್ಟು ಕಡಲಿಗಿಳಿಯುತ್ತಿರಲಿಲ್ಲ. ಬಂಡೆಯಿಂದ ಬಂದದ್ದು ಬಂಡೆಗೇ ಮರಳುತ್ತದೆ ಎಂಬ ಭಯ. ಅಯೊಲೇರ್ ಹಡಗಿನ ಕಥೆ ಕೇಳಿದ ಮೇಲೆ ಆ ಭಯವನ್ನು ಮೂಢನಂಬಿಕೆ ಎಂದು ನಗಲು ನಮಗೆ ಮನಸ್ಸಾಗಲಿಲ್ಲ. ಈಗ ಗಿರಣಿಗಳಲ್ಲಿ ಕೃತಕ ಬಣ್ಣಗಳೇ.

ನೇಯ್ದ ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಹೆಂಗಸರು ಹಲಗೆಯ ಸುತ್ತ ಕೂತು ಕುಟ್ಟಿ ಹದಮಾಡುತ್ತಿದ್ದರು. ಮೂಗು ಮುರಿಯಬೇಡಿ, ಮೂತ್ರದ ಅಮೋನಿಯಾ ಉಣ್ಣೆಯ ಜಿಡ್ಡು ತೆಗೆಯುತ್ತದೆ. ಆ ಕುಟ್ಟುವ ತಾಳಕ್ಕೆ ಒಬ್ಬಳು ಸಾಲು ಹೇಳುವುದು, ಉಳಿದವರು ಪಲ್ಲವಿ ಎತ್ತುವುದು. ನಮ್ಮ ಬೀಸುವ ಪದ, ಕುಟ್ಟುವ ಪದಗಳ ಸೋದರಿಯರಿವು. ಕೆಲಸ ಯಂತ್ರಕ್ಕೆ ಹೋಯಿತು. ಹಾಡು ಸಭಾಂಗಣಕ್ಕೆ ಬಂತು.

ಕೈಫಿಯತ್ತುಗಳ ಮೆಕೆಂಜಿ

ಸ್ಟೋರ್ನೋವೇಗೂ ಕನ್ನಡಕ್ಕೂ ಇನ್ನೊಂದು ನಂಟಿದೆ. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಮಾಡಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಈ ಊರಿನಲ್ಲಿ, 1754ರ ಸುಮಾರಿಗೆ. ಇಲ್ಲಿಯ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದು, 1783ರಲ್ಲಿ ಮದರಾಸಿಗೆ ಬಂದು, 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಜಿನಿಯರಾಗಿದ್ದ. ಅನಂತರ ಮೈಸೂರು ಸರ್ವೆ ನಡೆಸುತ್ತ ಕಾವಲಿ ಬೊರಯ್ಯ ಮೊದಲಾದ ಸಹಾಯಕರ ನೆರವಿನಿಂದ ಊರೂರಿನ ಶಾಸನ, ಓಲೆಗರಿ, ಸ್ಥಳಚರಿತ್ರೆಗಳನ್ನು ಕೂಡಿಹಾಕಿದ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡ. ಹಿಕ್ಕಿ ಎಂಬ ಕಲಾವಿದ 1816ರಲ್ಲಿ ಬರೆದ ಅವನ ಚಿತ್ರದ ಹಿನ್ನೆಲೆಯಲ್ಲಿ ಕಾರ್ಕಳದ ಗೊಮ್ಮಟ ಇದ್ದಾನೆ. ಅವನ ಸಂಗ್ರಹದ ಕನ್ನಡ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ರಾಜ್ಯಭಾರಕ್ಕಾಗಿ ಕೂಡಿಸಿದ್ದು ನಿಜ. ಆದರೂ ಎಷ್ಟೋ ಹಳ್ಳಿಗಳ ಕಥೆ ಉಳಿದದ್ದು ಅದರಿಂದ. ನಮ್ಮ ಊರುಗಳ ಮಾತನ್ನು ಬರೆಸಿಟ್ಟವನ ಹುಟ್ಟೂರಿನ ಮಾತಿನ ಗತಿ ಈಗ ಏನು?

ಮಾತಿನ ಲೆಕ್ಕ

ನಾವು ಉಳಿದುಕೊಂಡಿದ್ದು ಹ್ಯಾರಿಸ್ಸಿನ ಒಬ್ಬ ಅಜ್ಜಿಯ ಮನೆಯಲ್ಲಿ. ಎಪ್ಪತ್ತು ದಾಟಿದ ಆಕೆ ಶಾಲೆಗೆ ಸೇರುವವರೆಗೂ ಇಂಗ್ಲಿಷ್ ಅರಿಯರು. ಸಂಜೆ ಹತ್ತೂವರೆಯವರೆಗೂ ಬೆಳಕಿರುವ ಕಾಲವಾದ್ದರಿಂದ ಊಟವಾದ ಮೇಲೆ ಮಾತಿಗೆ ಬೇಕಾದಷ್ಟು ಹೊತ್ತು ಸಿಗುತ್ತಿತ್ತು. ಅವರಿಂದ ಕೆಲವು ಸ್ವಾರಸ್ಯ ತಿಳಿದೆವು. ಗೇಲಿಕ್ಕಿನಲ್ಲಿ ನಮ್ಮ ಹಾಗೆ ನೀನು, ನೀವು ಎಂಬ ಭೇದ ಇದೆ. ಮಕ್ಕಳು ಹಿರಿಯರನ್ನು ನೀವು ಎಂದೇ ಕರೆಯಬೇಕು. ಪುಸ್ತಕವನ್ನು ಹೊಂದಿದ್ದೇನೆ ಎನ್ನಲು ಅವರಿಗೆ ಕ್ರಿಯಾಪದವೇ ಇಲ್ಲ, ನನ್ನ ಹತ್ತಿರ ಪುಸ್ತಕವಿದೆ ಎನ್ನುತ್ತಾರೆ. ನಾವು ವಾಕ್ಯದ ಕೊನೆಗಿಡುವ ಕ್ರಿಯಾಪದವನ್ನು ಅವರು ಮೊದಲಿಗೇ ಇಡುತ್ತಾರೆ, ಅಷ್ಟೇ ವ್ಯತ್ಯಾಸ!

1872ರ ಶಿಕ್ಷಣ ಕಾಯ್ದೆಯಲ್ಲಿ ಗೇಲಿಕ್ಕಿಗೆ ಸ್ಥಳವೇ ಇರಲಿಲ್ಲ. ಮುಂದೆ ಕಾಲ ಬದಲಾಯಿತು. 2005ರಲ್ಲಿ ಭಾಷೆಗೆ ಒಂದು ಕಾಯ್ದೆ ಬಂತು. 2020ರಲ್ಲಿ ದ್ವೀಪಗಳ ಆಡಳಿತ, ಪೋಷಕರು ಬೇಡವೆನ್ನದಿದ್ದರೆ ಒಂದನೆಯ ತರಗತಿ ಗೇಲಿಕ್ ಮಾಧ್ಯಮದಲ್ಲೇ ಎಂದು ಗೊತ್ತುಮಾಡಿತು. 2025ರಲ್ಲಿ ಸ್ಕಾಟ್ಲೆಂಡಿನ ಶಾಸನಸಭೆ ಗೇಲಿಕ್ಕಿಗೆ ಅಧಿಕೃತ ಸ್ಥಾನ ಕೊಡುವ ಕಾಯ್ದೆಯನ್ನು ಒಪ್ಪಿತು. ಇಷ್ಟೆಲ್ಲದರ ಫಲ? ಜನಗಣತಿ ನೋಡೋಣ. ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಬಲ್ಲ ಮಾತುಗಾರರು 2011ರಲ್ಲಿ ಸುಮಾರು 57 ಸಾವಿರ ಇದ್ದವರು 2022ರಲ್ಲಿ ಸುಮಾರು 70 ಸಾವಿರಕ್ಕೆ ಏರಿದರು. ಆದರೆ ಅದೇ ಅವಧಿಯಲ್ಲಿ ಹೊರ ಹೆಬ್ರಿಡೀಸಿನಲ್ಲಿ ನೂರಕ್ಕೆ 52 ಇದ್ದದ್ದು 45ಕ್ಕೆ ಇಳಿಯಿತು. ಭಾಷೆಯ ತವರಿನಲ್ಲೇ ಅದನ್ನಾಡುವವರು ಅರ್ಧಕ್ಕಿಂತ ಕಡಿಮೆಯಾದದ್ದು ಇದೇ ಮೊದಲು. ನಗರಗಳಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ, ದ್ವೀಪದ ಮನೆಗಳಲ್ಲಿ ಆಡುವವರು ಕರಗುತ್ತಿದ್ದಾರೆ.

ಅಜ್ಜಿಯ ಮನೆಯೇ ಇದಕ್ಕೆ ನಿದರ್ಶನ. ಮಗಳು ಗ್ಲಾಸ್ಗೋದಲ್ಲಿದ್ದಾಳೆ, ತಾಯಿ ಗೇಲಿಕ್ಕಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಮೊಮ್ಮಗಳು ಅಲ್ಲಿಯ ಗೇಲಿಕ್ ಶಾಲೆಗೆ ಹೋಗುತ್ತಾಳೆ. ಫೋನಿನಲ್ಲಿ ಅಜ್ಜಿ ಮೊಮ್ಮಗಳು ಗೇಲಿಕ್ ಆಡುತ್ತಾರೆ, ನಡುವಿನವಳು ಕೇಳುತ್ತಾಳೆ. "ಅವಳ ವ್ಯಾಕರಣ ನನಗಿಂತ ಚೆನ್ನ. ಆದರೆ ಕುರಿ ಓಡಿದಾಗ ಬಯ್ಯಲು ಬರುವುದಿಲ್ಲ" ಎಂದು ಅಜ್ಜಿ ನಕ್ಕರು. ಬೈಗುಳ, ಮುದ್ದು, ಮಳೆಯ ಬಗೆಗಳ ಹೆಸರು, ಇವನ್ನು ಯಾವ ಶಾಲೆ ಕಲಿಸೀತು?

ಈ ಮಾತು ಕೇಳುವಾಗ ನಮ್ಮ ಸಂಘದ ಕನ್ನಡ ತರಗತಿ ನೆನಪಾಗದೆ ಇರಲಿಲ್ಲ. ಇಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಅಕ್ಷರಮಾಲೆ ಕಲಿಸುವುದು ಒಳ್ಳೆಯ ಕೆಲಸವೇ, ನಡೆಯಲೇಬೇಕು. ಆದರೆ ಆ ಎಂಟು ದಿನ ಹಿಂದಿನ ಸೀಟಿನಲ್ಲಿ ಅಜ್ಜಿಯ ಜೊತೆ ಕೂತ ನಮ್ಮ ಮಕ್ಕಳು ಕಿತ್ತಾಡಿದ್ದು, ತಿಂಡಿ ಕೇಳಿದ್ದು, ಕಥೆ ಕೇಳಿದ್ದು ಎಲ್ಲ ಕನ್ನಡದಲ್ಲೇ. ಅಜ್ಜಿಗೆ ಇಂಗ್ಲಿಷ್ ಬಾರದಾದ್ದರಿಂದ ಬೇರೆ ದಾರಿಯೇ ಇರಲಿಲ್ಲ. ನಮಗೆ ಆರು ಕೋಟಿ ಜನರ ನಾಡು ಬೆನ್ನಿಗಿದೆ. ಗೇಲಿಕ್ಕಿಗೆ ಇರುವ ನಾಡು ಈ ದ್ವೀಪಗಳೇ. ಇಲ್ಲಿಯ ಅಡುಗೆಮನೆಗಳಲ್ಲಿ ಅದು ನಿಂತರೆ ಹಿಂದಿರುಗಿ ಹೋಗಲು ಬೇರೊಂದು ಊರಿಲ್ಲ.

ಹೋಗುವವರಿಗೆ ಒಂದೆರಡು ಮಾತು

ಕೊನೆಯ ಎರಡು ದಿನ ಹ್ಯಾರಿಸ್ಸಿನ ದಕ್ಷಿಣ ತುದಿಯಿಂದ ಬಂಡೆಗಳ ನಡುವೆ ಹಾವಿನಂತೆ ಸುಳಿದು ಹೋಗುವ ಒಂದು ಗಂಟೆಯ ಹಡಗು ಹಿಡಿದು ಬರ್ನರೇ ದ್ವೀಪಕ್ಕೂ ಅಲ್ಲಿಂದ ಯೂಯಿಸ್ಟ್ ದ್ವೀಪಗಳಿಗೂ ಹೋದೆವು. ಕಡಲ ಮೇಲೆ ಕಟ್ಟಿದ ಏರಿರಸ್ತೆಗಳು ಈ ದ್ವೀಪಗಳನ್ನು ಒಂದಕ್ಕೊಂದು ಹೆಣೆದಿವೆ. ಮರಳುವಾಗ ಲಾಕ್‌ಮ್ಯಾಡಿಯಿಂದ ಸ್ಕೈ ದ್ವೀಪಕ್ಕೆ ಹಡಗಿದೆ. ದಿನಗಳಿದ್ದವರು ಇನ್ನೂ ದಕ್ಷಿಣಕ್ಕೆ ಬಾರಾ ದ್ವೀಪಕ್ಕೂ ಹೋಗಬಹುದು. ಅಲ್ಲಿ ವಿಮಾನ ಇಳಿಯುವುದು ಕಡಲ ಮರಳಿನ ಮೇಲೆ, ನೀರು ಇಳಿದಾಗ ಮಾತ್ರ!

ಹಡಗಿನ ಟಿಕೆಟ್ಟನ್ನು, ಮುಖ್ಯವಾಗಿ ಕಾರಿನ ಜಾಗವನ್ನು, ತಿಂಗಳುಗಳ ಮೊದಲೇ ಕಾದಿರಿಸಿ. ಗಾಳಿ ಎದ್ದರೆ ಹಡಗು ನಿಲ್ಲುತ್ತದೆ, ಒಂದು ದಿನ ಕೈಯಲ್ಲಿರಲಿ. ಲೂಯಿಸ್ ಹ್ಯಾರಿಸ್ಸಿನಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಸ್ಟೋರ್ನೋವೇಯ ದೊಡ್ಡ ಸೂಪರ್‌ಮಾರ್ಕೆಟ್ 2024ರ ನವೆಂಬರಿನಿಂದ ಭಾನುವಾರವೂ ತೆರೆಯುತ್ತಿದೆ, ಆದರೂ ಶನಿವಾರವೇ ಪೆಟ್ರೋಲು, ಹಾಲು, ಬ್ರೆಡ್ಡು ತುಂಬಿಸಿಕೊಳ್ಳುವುದು ಕ್ಷೇಮ. ಸಸ್ಯಾಹಾರಿಗಳು ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ ಮರೆಯಬೇಡಿ. ಸಂಜೆ ಗಾಳಿ ನಿಂತರೆ ಮಿಡ್ಜ್ ಎಂಬ ಗುಂಗಾಡು ಮುತ್ತುತ್ತದೆ, ತೋಳು ಮುಚ್ಚುವ ಬಟ್ಟೆ ಇರಲಿ. ರಸ್ತೆ ಒಂದೇ ಗಾಡಿಯ ಅಗಲ. ಎದುರಿನವರಿಗೆ ದಾರಿ ಬಿಟ್ಟರೆ ಅವರು ಕೈಯೆತ್ತುತ್ತಾರೆ, ನೀವೂ ಎತ್ತಿ.

ಇನ್ನೊಂದು ಮಾತು. ಅಲ್ಲಿಯವರಿಗೆ ಧನ್ಯವಾದ ಹೇಳುವಾಗ ತಪ ಲೇವ್ ಎನ್ನಿ. ಹಿರಿಯರಿಗೆ ಹೇಳುವ ಬಹುವಚನ ಅದು. ಅಂಗಡಿಯ ಹುಡುಗಿ ಮೊದಲು ಬೆರಗಾಗಿ, ಆಮೇಲೆ ಅದೇ ಭಾಷೆಯಲ್ಲಿ ಏನಾದರೂ ಹೇಳುತ್ತಾಳೆ. ನಮಗೆ ಅರ್ಥವಾಗಲಿಲ್ಲ. ಆದರೆ ಪಕ್ಕದಲ್ಲಿ ನಿಂತಿದ್ದ ಮುದುಕರಿಗೆ ಅರ್ಥವಾಯಿತು. ಅವರಿಬ್ಬರೂ ಮಾತಿಗೆ ತೊಡಗಿದರು.